ನಾಲ್ಕು ಬಟ್ಟೆ

ಭಾನುವಾರ ಕ್ಲಿನಿಕ್ಕಿಗೆ ರಜ.
ಆಂಜಿನಪ್ಪನ ಗಾಡಿಗೂ ರಜ, ಬೇಕಂತ ಅಲ್ಲ.
ಕೈವಾರ ಕ್ರಾಸಿನ ಆಚೆ ಚೂರು ಏರು ಬಂದರೆ ಸಾಕು
ಮೂರನೇ ಗೇರಿನಲ್ಲಿ ತೇಕುತ್ತೆ,
ಬೆಳಗ್ಗೆ ಮನೆಮುಂದೆ ನಿಂತಲ್ಲೇ ನಡುಗುತ್ತೆ
ಚಳಿಜ್ವರದ ಮಗುವಿನ ಹಾಗೆ.
ಚೇಳೂರು ರೋಡಿನ ಗ್ಯಾರೇಜಿನವನು ಕೊಟ್ಟ ಲೆಕ್ಕ
ಒಂಬತ್ತು ಸಾವಿರ, ನಾಲ್ಕು ದಿನ.
ನಾಲ್ಕು ದಿನ ಅಂದರೆ ಎಂಟು ಏರ್‌ಪೋರ್ಟ್ ಬಾಡಿಗೆ.
ನಾವೇ ಬಿಚ್ಚೋಣ, ಅಂದವಳು ನಾನೇ.

ಹತ್ತು ಬೋಲ್ಟು.
ಸೊಟ್ಟಗಾದ ಇಡ್ಲಿ ತಟ್ಟೆಯ ಗುಳಿಗಳಲ್ಲಿ
ಬಿಚ್ಚಿದ ಸಾಲಿಗೇ ಜೋಡಿಸಿಟ್ಟೆ.
ಮ್ಯಾನಿಫೋಲ್ಡು ಎತ್ತಿ ಟಾರ್ಚು ಬಿಟ್ಟಾಗ
ಇನ್ನೂ ಸ್ವಲ್ಪ ಬಾಯಿ ತೆಗೀರಿ ಅಂತ
ನಾಲಿಗೆ ತುದಿಗೇ ಬಂದುಬಿಟ್ಟಿತು.
ಹನ್ನೊಂದು ವರ್ಷ ದಂತದ ಡಾಕ್ಟರ ಎಡಕ್ಕೆ ನಿಂತು
ಜೊಲ್ಲು ಹೀರುವ ಕೊಳವೆ ಹಿಡಿದವಳು.
ಬೀಡಿಯ ಬಾಯಿ, ಎಲೆಯಡಿಕೆ ಬಾಯಿ,
ಬೋರ್‌ವೆಲ್ ನೀರು ಕುಡಿದು ಕಂದಿದ ಶಾಲೆಮಕ್ಕಳ ಬಾಯಿ,
ಎಲ್ಲ ನೋಡಿದ್ದೇನೆ. ಇಂಥದ್ದಲ್ಲ:
ವಾಲ್ವಿನ ಕತ್ತಿಗೆ ಕಚ್ಚಿಕೊಂಡ ಕರೀ ಗಟ್ಟಿ,
ತಳ ಹಿಡಿದ ಬೆಲ್ಲದ ಪಾಕ,
ಉಸಿರಾಡಲು ಉಳಿದ ದಾರಿ ಕಿರುಬೆರಳಷ್ಟು.

ತನ್ನ ಹೊಗೆಯನ್ನ ತಾನೇ ಮತ್ತೆ ಎಳೆದುಕೊಳ್ಳೋ ಹಾಗೆ
ಮಾಡಿದ್ದಾರಂತೆ ಇದನ್ನ,
ಊರ ಗಾಳಿ ಕೆಡಬಾರದು ಅಂತ.
ಆಂಜಿನಪ್ಪ ಹೇಳಿದ. ಹೇಳಿ ಸುಮ್ಮನಾದ.
ದೇವನಹಳ್ಳಿಯಲ್ಲಿ ಯಾರು ಏನಂದರೋ
ಮನೆಗೆ ತಂದು ಬಿಡುವವನಲ್ಲ.

ಅವನು ಕೆಳಗೆ ಮಲಗಿ ಕ್ರ್ಯಾಂಕು ತಿರುಗಿಸಿದ.
ಮುಚ್ತಾ?
ಇಲ್ಲ, ಇನ್ನೊಂದ್ಚೂರು.
ಈಗ?
ಮುಚ್ತು. ಸಾಕು, ಕೈ ತೆಗಿ.
ತೆರೆದಿದ್ದರೆ ಕಸವೆಲ್ಲ ಸಿಲಿಂಡರಿನ ಹೊಟ್ಟೆಗೆ.
ಮಿಕ್ಕ ಬಾಯಿಗಳಿಗೆ ಅವನ ಹಳೇ ಬನೀನು ಹರಿದು ತುರುಕಿ
ಔಷಧಿ ಸುರಿದು, ನೆನೆಯಲು ಬಿಟ್ಟು,
ಮೊಂಡಾಯಿತೆಂದು ಕ್ಲಿನಿಕ್ಕು ಎಸೆದ ಸ್ಕೇಲರಿನಲ್ಲಿ
ಕೆರೆಯಲು ಕೂತೆ.
ಕೈಗೆ ಗೊತ್ತಿತ್ತು ಎಷ್ಟು ಒತ್ತಬೇಕು ಅಂತ,
ಹಲ್ಲಿಗೂ ಕಿಟ್ಟಕ್ಕೂ ನಡುವೆ ಶಬ್ದ ಬದಲಾಗುವ ಜಾಗ.
ಕರೀ ನೀರನ್ನ ದಪ್ಪ ಸಿರಿಂಜಿನಲ್ಲಿ ಹೀರಿದೆ,
ಮತ್ತೆ ಸುರಿದೆ, ಮತ್ತೆ ಕೆರೆದೆ.
ಎದುರುಮನೆ ನಯೀಮ ಬಗ್ಗಿ ನೋಡಿ ಕೇಳಿದ,
ಅಕ್ಕ, ಕಾರಿಗೂ ಹುಳುಕು ಬೀಳುತ್ತಾ?

ಮೂರು ಗಂಟೆ ಹೊತ್ತಿಗೆ ಅಂಬಾಜಿದುರ್ಗದ ಬಂಡೆ ಕಾದು
ಬೀದಿಯ ನಾಯಿ ಗಾಡಿಯಡಿ ಸೇರಿತು.
ಎಂಟು ವಾಲ್ವಿನಲ್ಲಿ ಆರು ಬೆಳ್ಳಗಾದವು,
ಎರಡು ಬೂದಿ ಬಣ್ಣಕ್ಕೇ ನಿಂತವು. ಇರಲಿ.

ನಾನು ಸಾರಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ
ಹತ್ತೂ ಬೋಲ್ಟು ಬಿಗಿದು ಕೈ ತೊಳೆಯುತ್ತಿದ್ದ.
ಕಲ್ಲಿನ ಮೇಲೆ ಬನೀನಿನ ತುಂಡು ಮೂರು.
ಇನ್ನೊಂದೆಲ್ಲಿ?
ಎಲ್ಲ ತೆಗೆದೆ.
ಎಣಿಸಿದೆಯಾ?

ಹತ್ತಿ ಎಣಿಸದೆ ಒಬ್ಬ ಅಜ್ಜಿಯ ದವಡೆಯಲ್ಲಿ
ಒಂದುಂಡೆ ಬಿಟ್ಟವಳು ನಾನು,
ಅಂದಿನ ಬೈಗುಳ ಇನ್ನೂ ಕಿವಿಯಲ್ಲಿದೆ.
ಮಾತಾಡದೆ ಇಡ್ಲಿ ತಟ್ಟೆ ಮುಂದಿಟ್ಟೆ.

ಬೀದಿದೀಪ ಹತ್ತಿದಾಗ ಮತ್ತೆ ಹತ್ತು ಬೋಲ್ಟು.
ಮೂರನೆಯ ಬಾಯಿಯ ಒಳಗೆ, ಬೆರಳಿಗೆ ಸಿಕ್ಕದಷ್ಟು ಆಳದಲ್ಲಿ
ಮಸಿಗಿಂತ ಮಸಿಯಾಗಿ ಕೂತಿತ್ತು.
ಕ್ಲಿನಿಕ್ಕಿನ ಚಿಮುಟದಲ್ಲಿ ಎಳೆದು ತೆಗೆದ,
ಬಹಳ ಹೊತ್ತು ನೋಡಿದ.
ಮೊನ್ನೆ ಒಬ್ಬ, ಅಂದ, ಗಾಡಿ ಎಳೀತಿಲ್ಲ ಅಂತ
ಎಚ್ ಕ್ರಾಸಿನಲ್ಲೇ ಇಳಿದುಬಿಟ್ಟ. ದುಡ್ಡು ಕೊಡಲಿಲ್ಲ.
ಮಗಳ ವಯಸ್ಸಿನವಳೊಬ್ಬಳು ಜೊತೇಲಿದ್ದಳು,
ಅವಳು ನಕ್ಕಳು.

ನಾನು ಒಂದೊಂದೇ ಬೋಲ್ಟು ಕೊಡುತ್ತಾ ಹೋದೆ.

ಕೀಲಿ ತಿರುಗಿಸಿದಾಗ ಎದ್ದ ಕಪ್ಪು ಹೊಗೆಗೆ
ನಯೀಮನ ಅಮ್ಮ ಕಿಟಕಿ ದಬ್ಬಿದಳು.
ಆಮೇಲೆ ಅದು ಬೂದಿಯಾಯಿತು, ಆಮೇಲೆ ಕಾಣಲಿಲ್ಲ.
ಬಾನೆಟ್ಟಿನ ಮೇಲೆ ನೀರಿನ ಲೋಟ ಇಟ್ಟು ನೋಡಿದ,
ತುಳುಕಲಿಲ್ಲ ಅನ್ನುವಂತಿಲ್ಲ, ಕಮ್ಮಿ ತುಳುಕಿತು.

ಸೋಮವಾರ ಗ್ಲೌಸ್ ಹಾಕುವ ಮುಂಚೆ ನೋಡಿಕೊಂಡೆ,
ಉಗುರಿನ ಸಂದಿಯಲ್ಲಿ ಇನ್ನೂ ಇತ್ತು.
ಡಾಕ್ಟರು ಕೇಳಲಿಲ್ಲ.
ಹತ್ತೂಕಾಲಿಗೆ ಒಂದು ಮಿಸ್ಡ್ ಕಾಲ್:
ಏರು ಹತ್ತಿತು ಅಂತ ನಮ್ಮಿಬ್ಬರ ಲೆಕ್ಕ.